ಇ-ಸಿಗರೇಟು ದ್ರವವನ್ನು ಮನೆಯಲ್ಲಿ ಬೆರೆಸುವುದು: ಮಿಶ್ರಣದ ದೋಷ, ವಿಷಬಾಧೆ ಹಾಗೂ ಕಾನೂನಿನ ಸ್ಥಿತಿ

ಇ-ಸಿಗರೇಟು ಅಥವಾ ವೇಪ್ ಎಂಬ ಹೆಸರಿನ ಸಾಧನಗಳಲ್ಲಿ ಬಳಸುವ ದ್ರವವನ್ನು ಬಿಡಿ ಪದಾರ್ಥಗಳಿಂದ ಮನೆಯಲ್ಲಿಯೇ ಬೆರೆಸಿಕೊಳ್ಳುವ ಕುರಿತು ಸಾರ್ವಜನಿಕರು ವಿಚಾರಿಸುತ್ತಿರುತ್ತಾರೆ. ವಿದೇಶದಲ್ಲಿ ವ್ಯಾಸಂಗ ಅಥವಾ ಉದ್ಯೋಗ ಮುಗಿಸಿ ಹಿಂದಿರುಗುವವರು ಮತ್ತು ಅವರ ಪೋಷಕರು ಇವರಲ್ಲಿ ಹೆಚ್ಚು. ಕೇಳಲಾಗುವ ಪ್ರಶ್ನೆಗಳು ಬಹುತೇಕ ಎರಡೇ: ಚೆನ್ನಾಗಿ ಕುಲುಕಿ ಬೆರೆಸಿದರೆ ಅಪಾಯವಿಲ್ಲವಲ್ಲವೇ? ಸ್ವಂತ ಬಳಕೆಗೆ ಮಾಡಿಕೊಂಡರೆ ಅದು ಅಪರಾಧವಾಗುವುದಿಲ್ಲವಲ್ಲವೇ? ಈ ಎರಡಕ್ಕೂ ಒಂದೇ ಮಾತಿನ ಉತ್ತರ ಕೊಟ್ಟರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಆದ್ದರಿಂದ ವಿಷಯವನ್ನು ಕಾರಣಸಹಿತವಾಗಿ ಇಲ್ಲಿ ನೀಡಲಾಗಿದೆ.

ಸದರಿ ಮಾಹಿತಿಯು ದ್ರವವನ್ನು ತಯಾರಿಸುವ ವಿಧಾನದ ಬೋಧನೆಯಲ್ಲ. ಭಾರತದಲ್ಲಿ ಇಂತಹ ತಯಾರಿಕೆ ನಿಷಿದ್ಧವಾಗಿದೆ.

ದ್ರವದಲ್ಲಿರುವ ಪದಾರ್ಥಗಳು

ಸಾಮಾನ್ಯವಾಗಿ ಈ ದ್ರವದಲ್ಲಿ ನಾಲ್ಕು ಪದಾರ್ಥಗಳಿರುತ್ತವೆ. ಮೊದಲನೆಯದು ಗ್ಲಿಸರಿನ್, ಒಡೆದ ತುಟಿಗೆ ಹಚ್ಚಿಕೊಳ್ಳಲು ಔಷಧಿ ಅಂಗಡಿಯಲ್ಲಿ ಕೊಳ್ಳುವ ಅದೇ ಸಿಹಿಯಾದ ಮಂದ ದ್ರವ. ಎರಡನೆಯದು ಪ್ರೊಪಿಲೀನ್ ಗ್ಲೈಕಾಲ್. ಔಷಧ ಹಾಗೂ ಆಹಾರ ಉದ್ಯಮಗಳಲ್ಲಿ ದ್ರಾವಕವಾಗಿ ಬಳಕೆಯಾಗುತ್ತದೆ. ಮೂರನೆಯದು ಹಣ್ಣು, ಪುದೀನ ಮೊದಲಾದ ಸುವಾಸನೆಯ ಸಾರ. ನಾಲ್ಕನೆಯದು ನಿಕೋಟಿನ್.

ನಿಕೋಟಿನ್ ಎಂಬುದು ತಂಬಾಕು ಗಿಡವು ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ತಯಾರಿಸಿಕೊಳ್ಳುವ ವಿಷ. ಒಂದು ಕಾಲದಲ್ಲಿ ನಿಕೋಟಿನ್ ಸಲ್ಫೇಟನ್ನು ಬೆಳೆಗಳಿಗೆ ಕೀಟನಾಶಕವಾಗಿ ಸಿಂಪಡಿಸಲಾಗುತ್ತಿತ್ತು. ಈಗ ಭಾರತದಲ್ಲಿ ಅದರ ಬಳಕೆಗೆ ನಿಷೇಧವಿದೆ, ರಫ್ತಿಗಾಗಿ ಮಾತ್ರ ತಯಾರಿಕೆಗೆ ಅವಕಾಶವಿದೆ. ಹೊಲದಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಳಸುತ್ತಿದ್ದ ವಸ್ತುವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬರಿಗೈಯಿಂದ ಬೆರೆಸಲಾಗುತ್ತಿದೆ ಎಂಬುದನ್ನು ಗಮನಿಸುವುದು.

ಮನೆಯಲ್ಲಿ ಬೆರೆಸುವ ಪದ್ಧತಿ ಬಂದ ಬಗೆ

ಈ ಪದ್ಧತಿ ಇಂದು ವ್ಯಾಪಕವಾಗಿ ಕಾಣುವ ದೇಶಗಳಲ್ಲಿ ಬ್ರಿಟನ್ ಒಂದು. ಅಲ್ಲಿ ಇ-ಸಿಗರೇಟು ಕಾನೂನುಬದ್ಧ ವಸ್ತು. ವಯಸ್ಕ ಧೂಮಪಾನಿಗಳು ಬೀಡಿ ಸಿಗರೇಟು ಬಿಡಲು ನಿಯಂತ್ರಿತ ಇ-ಸಿಗರೇಟನ್ನು ಬಳಸಬಹುದೆಂದು ಆ ದೇಶದ ಸಾರ್ವಜನಿಕ ಆರೋಗ್ಯ ಸೇವೆ ಸಲಹೆ ನೀಡುತ್ತದೆ. 2016ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ ನಿಕೋಟಿನ್ ಇರುವ ದ್ರವವನ್ನು 10 ಮಿ.ಲೀ.ಗಿಂತ ದೊಡ್ಡ ಸೀಸೆಯಲ್ಲಿ ಮಾರುವಂತಿಲ್ಲ; ಒಂದು ಮಿ.ಲೀ.ನಲ್ಲಿ 20 ಮಿ.ಗ್ರಾಂ.ಗಿಂತ ಹೆಚ್ಚು ನಿಕೋಟಿನ್ ಇರುವಂತಿಲ್ಲ. ನಿಕೋಟಿನ್ ಇಲ್ಲದ ದ್ರವಕ್ಕೆ ಈ ಮಿತಿಗಳು ಅನ್ವಯಿಸಲಿಲ್ಲ. ಕಾನೂನು ಬಿಟ್ಟ ಜಾಗದಲ್ಲಿ ವ್ಯಾಪಾರ ಬೆಳೆಯಿತು. 60 ಮಿ.ಲೀ. ಸೀಸೆಯಲ್ಲಿ 50 ಮಿ.ಲೀ. ನಿಕೋಟಿನ್‌ರಹಿತ ದ್ರವವನ್ನು ತುಂಬಿ, ಅದರ ಜೊತೆಗೆ ಮಿ.ಲೀ.ಗೆ 18 ಮಿ.ಗ್ರಾಂ. ನಿಕೋಟಿನ್ ಇರುವ 10 ಮಿ.ಲೀ.ನ ಚಿಕ್ಕ ಸೀಸೆಯನ್ನು ಪ್ರತ್ಯೇಕವಾಗಿ ಮಾರತೊಡಗಿದರು. ಗ್ರಾಹಕನು ಮನೆಗೆ ಹೋಗಿ ಎರಡನ್ನೂ ಬೆರೆಸಿಕೊಳ್ಳಬೇಕು. ಹಣದ ಉಳಿತಾಯಕ್ಕಾಗಿ ಇನ್ನೂ ಕೆಲವರು ಗ್ಲಿಸರಿನ್, ಗ್ಲೈಕಾಲ್, ಸುವಾಸನೆ ಎಲ್ಲವನ್ನೂ ಬಿಡಿಬಿಡಿಯಾಗಿ ಕೊಂಡು ಮೊದಲಿನಿಂದಲೇ ತಯಾರಿಸುತ್ತಾರೆ.

ಅಮೆರಿಕದಲ್ಲಿ ಇದಕ್ಕಿಂತ ಪ್ರಬಲವಾದ, ಮಿ.ಲೀ.ಗೆ 100 ಮಿ.ಗ್ರಾಂ. ನಿಕೋಟಿನ್ ಇರುವ ದ್ರವವೂ ಹವ್ಯಾಸಿಗಳಿಗೆ ದೊರೆಯುತ್ತಿತ್ತು.

ಲೆಕ್ಕದಲ್ಲಿ ಸರಿ, ಸೀಸೆಯಲ್ಲಿ ತಪ್ಪು

ಮೇಲ್ಕಂಡ ಬ್ರಿಟನ್ನಿನ ಉದಾಹರಣೆಯ ಲೆಕ್ಕವನ್ನು ನೋಡೋಣ. 10 ಮಿ.ಲೀ. ಚಿಕ್ಕ ಸೀಸೆಯಲ್ಲಿರುವ ಒಟ್ಟು ನಿಕೋಟಿನ್ 180 ಮಿ.ಗ್ರಾಂ. ಅದನ್ನು 50 ಮಿ.ಲೀ.ಗೆ ಸೇರಿಸಿದಾಗ ಒಟ್ಟು 60 ಮಿ.ಲೀ.; ಭಾಗಿಸಿದರೆ ಮಿ.ಲೀ.ಗೆ 3 ಮಿ.ಗ್ರಾಂ. ಸೀಸೆಯ ಮೇಲೆ ಬಳಕೆದಾರನು ಬರೆದುಕೊಳ್ಳುವ ಅಂಕಿ ಇದೇ.

ಆದರೆ ಈ 3 ಎಂಬುದು ಸರಾಸರಿ ಮಾತ್ರ. ಹತ್ತು ಜನರ ಸಂಬಳದ ಸರಾಸರಿಯನ್ನು ಹೇಳಿದರೆ ಯಾರ ಜೇಬಿನಲ್ಲಿ ಎಷ್ಟಿದೆ ಎಂದು ತಿಳಿಯುವುದಿಲ್ಲ. ಹಾಗೆಯೇ, ಸರಿಯಾಗಿ ಬೆರೆಯದ ಸೀಸೆಯಲ್ಲಿ ಒಂದು ಪದರವು ಮಿ.ಲೀ.ಗೆ 18 ಮಿ.ಗ್ರಾಂ.ನಷ್ಟು ಪ್ರಬಲವಾಗಿಯೇ ಉಳಿದು, ಮಿಕ್ಕ ಭಾಗದಲ್ಲಿ ನಿಕೋಟಿನ್ ಹೆಚ್ಚುಕಡಿಮೆ ಇಲ್ಲದಿರಬಹುದು. ಸರಾಸರಿ ಆಗಲೂ 3. ಬಳಸುವವನಿಗೆ ದೊರೆಯುವುದು ಮೊದಲಿಗೆ ಆರು ಪಟ್ಟು, ನಂತರ ಏನೂ ಇಲ್ಲ. ಮಿ.ಲೀ.ಗೆ 100 ಮಿ.ಗ್ರಾಂ. ಇರುವ ದ್ರವದಿಂದ ತಯಾರಿಸುವಾಗ 100 ಮಿ.ಲೀ.ಗೆ ಕೇವಲ 3 ಮಿ.ಲೀ. ಸಾಕಾಗುತ್ತದೆ. ಅಲ್ಲಿ ಬೆರೆಯದ ಪದರ ಉಳಿದರೆ ಅದರ ಪ್ರಬಲತೆ ಉದ್ದೇಶಿತ ಪ್ರಮಾಣಕ್ಕಿಂತ ಮೂವತ್ತು ಪಟ್ಟಿಗೂ ಮೀರಬಹುದು. ದಶಾಂಶ ಬಿಂದುವನ್ನು ಒಂದು ಮನೆ ಆಚೆಗೆ ಹಾಕಿ 3ರ ಬದಲು 30 ಮಿ.ಲೀ. ಸುರಿದ ಪ್ರಸಂಗವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಹಾಗಾದಲ್ಲಿ ಎಷ್ಟು ಚೆನ್ನಾಗಿ ಬೆರೆಸಿದರೂ ಇಡೀ ಸೀಸೆಯೇ ವಿಷ.

ಪದರಗಳು ಉಳಿಯಲು ಕಾರಣವೇನು ಎಂಬುದು ತಿಳಿದುಕೊಳ್ಳತಕ್ಕ ಸಂಗತಿ. ಗ್ಲಿಸರಿನ್ ಅತ್ಯಂತ ಮಂದವಾದ ದ್ರವ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದರ ಸ್ನಿಗ್ಧತೆ ನೀರಿನ ಸುಮಾರು 1,400 ಪಟ್ಟು. ಪ್ರೊಪಿಲೀನ್ ಗ್ಲೈಕಾಲಿನದು ನೀರಿನ ಐವತ್ತು ಅರವತ್ತು ಪಟ್ಟು ಮಾತ್ರ. ತೂಕದಲ್ಲಿಯೂ ವ್ಯತ್ಯಾಸವಿದೆ: ಒಂದು ಮಿ.ಲೀ. ಗ್ಲಿಸರಿನ್ ಸುಮಾರು 1.26 ಗ್ರಾಂ. ತೂಗಿದರೆ ಅಷ್ಟೇ ಗ್ಲೈಕಾಲ್ 1.04 ಗ್ರಾಂ. ತೂಗುತ್ತದೆ. ಸಾಮಾನ್ಯವಾಗಿ ನಿಕೋಟಿನ್ನನ್ನು ಗ್ಲೈಕಾಲಿನಲ್ಲಿ ಕರಗಿಸಿ ಕೊಡಲಾಗುತ್ತದೆ. ಅದನ್ನು ಗ್ಲಿಸರಿನ್ ಹೆಚ್ಚಾಗಿರುವ ದ್ರವದ ಮೇಲೆ ಸುರಿದರೆ ಹಗುರವಾದದ್ದು ಮೇಲೆ ನಿಲ್ಲುತ್ತದೆ, ಮಂದವಾದದ್ದು ಕೆಳಗೆ ಕುಳಿತಿರುತ್ತದೆ. ಇವೆರಡೂ ಒಂದರಲ್ಲೊಂದು ಪೂರ್ತಿಯಾಗಿ ಕರಗುವ ಗುಣವುಳ್ಳವು, ಎಣ್ಣೆ ನೀರಿನಂತೆ ಮುನಿಸಿಕೊಂಡವಲ್ಲ. ಆದರೆ ಕರಗಬಲ್ಲವು ಎಂಬುದಕ್ಕೂ ಕರಗಿವೆ ಎಂಬುದಕ್ಕೂ ಅಂತರವಿದೆ. ಬೆಲ್ಲದ ಪಾಕದ ಮೇಲೆ ನಿಧಾನವಾಗಿ ನೀರು ಸುರಿದು ಕಲಕದೆ ಬಿಟ್ಟರೆ ಏನಾಗುವುದೆಂದು ಮನೆಯಲ್ಲಿ ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಪಾಕವಾದರೂ ಕಂದು ಬಣ್ಣದಿಂದ ತನ್ನನ್ನು ತೋರಿಸಿಕೊಳ್ಳುತ್ತದೆ. ಇಲ್ಲಿ ಎರಡೂ ಬಣ್ಣವಿಲ್ಲದವು. ಬೆಳಕಿಗೆ ಹಿಡಿದಾಗ ಕಾಣುವ ತೆಳುವಾದ ಎಳೆಗಳ ಹೊರತು ಕಣ್ಣಿಗೆ ಬೇರೆ ಸುಳಿವು ಸಿಗುವುದಿಲ್ಲ. ಎಳೆಗಳು ಕಾಣದಿದ್ದರೆ ಬೆರೆತಿದೆ ಎಂಬ ಖಾತರಿಯೂ ಇಲ್ಲ.

ಕುಲುಕಿದಾಗ ದ್ರವವು ಗಾಳಿಯ ಸಣ್ಣ ಗುಳ್ಳೆಗಳಿಂದ ಬೆಳ್ಳಗಾಗುತ್ತದೆ. ಕೆಲವು ಗಂಟೆಗಳ ನಂತರ ಗುಳ್ಳೆಗಳು ಮೇಲೆದ್ದು ಹೋಗಿ ದ್ರವ ತಿಳಿಯಾಗುತ್ತದೆ. ಈ ತಿಳಿತನವನ್ನೇ ಮಿಶ್ರಣವಾದ ಗುರುತೆಂದು ಅನೇಕರು ನಂಬುತ್ತಾರೆ. ವಾಸ್ತವವಾಗಿ ಅದು ಗಾಳಿ ಹೊರಹೋದ ಗುರುತು ಅಷ್ಟೇ. ಸೀಸೆಯನ್ನು ಕಂಠದವರೆಗೆ ತುಂಬಿದ್ದರೆ ಒಳಗೆ ದ್ರವ ಹೊರಳಾಡಲು ಜಾಗವಿಲ್ಲದೆ ಎಷ್ಟು ಕುಲುಕಿದರೂ ಫಲ ಕಡಿಮೆ. ಇದು ನೀರು ತುಂಬಿದ ಬಿಂದಿಗೆಯನ್ನು ಅಲ್ಲಾಡಿಸಿದಂತೆ. ಇನ್ನು ಉಷ್ಣತೆಯ ವಿಚಾರ: 20 ಡಿಗ್ರಿಯಿಂದ 30 ಡಿಗ್ರಿಗೆ ಏರಿದರೆ ಗ್ಲಿಸರಿನ್ನಿನ ಸ್ನಿಗ್ಧತೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹೀಗಾಗಿ ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಬೇಗ ಬೆರೆಯುವ ವಸ್ತು ಲಂಡನ್ನಿನ ಜನವರಿಯ ಕೋಣೆಯಲ್ಲಿ ಬೆರೆಯದೆ ಉಳಿಯುತ್ತದೆ. ಇಷ್ಟು ನಿಮಿಷ ಕುಲುಕಿದರೆ ಸಾಕು ಎಂದು ಯಾರೋ ಹೇಳಿದ ಲೆಕ್ಕ ಎಲ್ಲ ಕಡೆ ಸಲ್ಲುವುದಿಲ್ಲ. ಬೇಗ ಬೆರೆಯಲೆಂದು ಒಲೆಯ ಮೇಲೆ ಕಾಯಿಸುವುದು ಇದಕ್ಕಿಂತ ಕೆಟ್ಟದ್ದು: ನಿಕೋಟಿನ್ ಆವಿಯಾಗುವ ಪದಾರ್ಥ, ಅದನ್ನು ಬೆರೆಸುವವನೇ ಉಸಿರಾಡುತ್ತಾನೆ. ಶಾಖ, ಬೆಳಕು, ಗಾಳಿಗಳಿಂದ ನಿಕೋಟಿನ್ ಉತ್ಕರ್ಷಿತವಾಗಿ ದ್ರವ ಕಂದು ಬಣ್ಣಕ್ಕೆ ತಿರುಗುತ್ತದೆ. ಈ ಬಣ್ಣ ಬಂದಾಗ ದ್ರವ ಹದವಾಯಿತು ಎಂದು ಹವ್ಯಾಸಿಗಳು ಸಂತೋಷಪಡುವುದುಂಟು. ಅದು ಹದವಲ್ಲ, ಹಳತಾಗುವಿಕೆ. ವಾರಗಟ್ಟಲೆ ಕಪಾಟಿನಲ್ಲಿ ಸುಮ್ಮನೆ ಇಟ್ಟರೆ ಬೆರೆಯುತ್ತದೆ ಎಂಬುದನ್ನೂ ನೆಚ್ಚಿಕೊಳ್ಳುವಂತಿಲ್ಲ. ಅಷ್ಟು ಮಂದವಾದ ದ್ರವದಲ್ಲಿ ಪದಾರ್ಥಗಳು ತಾವಾಗಿಯೇ ಹರಡಿಕೊಳ್ಳುವ ವೇಗ ಬಹಳ ಕಡಿಮೆ.

ಅಳತೆಯಲ್ಲಿಯೂ ಇದೇ ತೊಡಕು. ಸಿರಿಂಜಿನಿಂದ ಅಳೆದಾಗ ಗ್ಲಿಸರಿನ್ ಗೋಡೆಗೆ ಅಂಟಿಕೊಂಡು ಸ್ವಲ್ಪ ಒಳಗೇ ಉಳಿಯುತ್ತದೆ. ಆದುದರಿಂದಲೇ ಅಭ್ಯಾಸವಿರುವವರು ಅಳತೆಯ ಬದಲು ತೂಕ ಮಾಡುತ್ತಾರೆ.

ಔಷಧ ಕಾರ್ಖಾನೆಯಲ್ಲಿ ಒಂದು ಸಿರಪ್ಪನ್ನು ತಯಾರಿಸುವಾಗ ಯಂತ್ರದಿಂದ ಗೊತ್ತಾದ ಅವಧಿಯವರೆಗೆ ಕಲಕಿ, ಮಾದರಿಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಅಳೆದು, ಆ ಬಳಿಕವೇ ಸೀಸೆಗೆ ತುಂಬಲು ಅನುಮತಿಸಲಾಗುತ್ತದೆ. ಇಷ್ಟಾದ ನಂತರವೂ ಮಕ್ಕಳ ಜ್ವರದ ಔಷಧಿಯ ಹಲವು ಸೀಸೆಗಳ ಮೇಲೆ ಬಳಸುವ ಮುನ್ನ ಚೆನ್ನಾಗಿ ಕುಲುಕಿ ಎಂದು ಮುದ್ರಿಸಿರುತ್ತಾರೆ. ಮನೆಯಲ್ಲಿ ಬೆರೆಸುವವರ ಬಳಿ ಮಾದರಿಯನ್ನು ಅಳೆಯುವ ಸಾಧನವಿಲ್ಲ. ಪರೀಕ್ಷೆಗೆ ಉಳಿಯುವುದು ಅವರ ಶ್ವಾಸಕೋಶ ಒಂದೇ.

ಪೂರ್ತಿ ಬೆರೆತರೂ ಹೋಗದ ದೋಷ

ಮಿಶ್ರಣ ಪರಿಪೂರ್ಣವಾಗಿದೆಯೆಂದೇ ಇಟ್ಟುಕೊಳ್ಳೋಣ. ಒಳಗೆ ಹಾಕಿದ ಪದಾರ್ಥವೇ ತಪ್ಪಾಗಿದ್ದರೆ ಚೆನ್ನಾಗಿ ಬೆರೆಸುವುದರಿಂದ ಆ ತಪ್ಪು ಪ್ರತಿ ಹನಿಗೂ ಸಮನಾಗಿ ಹಂಚಿಹೋಗುತ್ತದೆ, ಅಷ್ಟೇ.

ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಅಗ್ಗದ ಕೈಗಾರಿಕಾ ರಾಸಾಯನಿಕ ಸೇರಿರುವ ಅಪಾಯ ಹಳೆಯದು. ನೋಡಲು ಮೂರೂ ಒಂದೇ ರೀತಿ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಇದೇ ವಿಷ ಬೆರೆತ ಗ್ಲಿಸರಿನ್ನಿನಿಂದ 14 ರೋಗಿಗಳು ಮೃತಪಟ್ಟು, ನ್ಯಾಯಮೂರ್ತಿ ಲೆಂಟಿನ್ ಆಯೋಗದ ವಿಚಾರಣೆ ನಡೆದದ್ದು ಹಿರಿಯರಿಗೆ ನೆನಪಿರಬಹುದು. ಔಷಧ ದರ್ಜೆಯ ಮುದ್ರೆಯಿಲ್ಲದೆ ಡಬ್ಬಿಯಲ್ಲಿ ಬಿಡಿಯಾಗಿ ಮಾರುವ ಗ್ಲಿಸರಿನ್ನಿನಲ್ಲಿ ಏನಿದೆ ಎಂದು ಕೊಳ್ಳುವವನು ಅರಿಯಲಾರ.

ಸುವಾಸನೆಯ ಸಾರಗಳ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ತಿನ್ನಲು ಯೋಗ್ಯವಾದುದು ಉಸಿರಾಡಲೂ ಯೋಗ್ಯ ಎಂದು ಭಾವಿಸಿ, ಕೇಕಿಗೆ ಹಾಕುವ ಎಸೆನ್ಸನ್ನೇ ಬಳಸುವವರಿದ್ದಾರೆ. ಬೆಣ್ಣೆಯ ಸುವಾಸನೆ ನೀಡುವ ಡೈಅಸಿಟೈಲ್ ಎಂಬ ಪದಾರ್ಥ ಹೊಟ್ಟೆಗೆ ಹೋದರೆ ತೊಂದರೆಯಿಲ್ಲ. ಆದರೆ ಅಮೆರಿಕದ ಮಿಸೌರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಅದರ ಆವಿಯನ್ನು ಉಸಿರಾಡಿದ ಕಾರ್ಮಿಕರ ಶ್ವಾಸನಾಳದ ಸಣ್ಣ ಕವಲುಗಳು ಗಾಯಗೊಂಡು ಮುಚ್ಚಿಹೋದದ್ದು 2000ನೇ ಇಸವಿಯಲ್ಲಿ ಬೆಳಕಿಗೆ ಬಂದಿತು. ಆ ಹಾನಿ ಗುಣವಾಗುವಂಥದ್ದಲ್ಲ. ಎಣ್ಣೆಯಲ್ಲಿ ಕರಗಿಸಿದ ಸಾರಗಳಂತೂ ಗ್ಲಿಸರಿನ್ನಿನಲ್ಲಿ ಬೆರೆಯುವುದೇ ಇಲ್ಲ. ಅವು ಹನಿಗಳಾಗಿಯೇ ಶ್ವಾಸಕೋಶವನ್ನು ತಲುಪಿ ಒಂದು ಬಗೆಯ ನ್ಯುಮೋನಿಯಾ ಉಂಟುಮಾಡಬಲ್ಲವು.

2019ರಲ್ಲಿ ಅಮೆರಿಕದಲ್ಲಿ ವೇಪ್ ಬಳಸಿದವರಲ್ಲಿ ತೀವ್ರ ಶ್ವಾಸಕೋಶದ ಗಾಯ ಹಬ್ಬಿ, 2020ರ ಫೆಬ್ರವರಿಯ ವೇಳೆಗೆ 2,807 ಪ್ರಕರಣಗಳು ವರದಿಯಾಗಿದ್ದವು. ಅವುಗಳಲ್ಲಿ 68 ಸಾವುಗಳು ಖಚಿತಪಟ್ಟಿದ್ದವು. ಹೆಚ್ಚಿನ ರೋಗಿಗಳು ಬಳಸಿದ್ದು ಗಾಂಜಾ ಸಾರವಿರುವ ದ್ರವವನ್ನು. ಅದನ್ನು ಮಂದಗೊಳಿಸಲು ಅನಧಿಕೃತ ತಯಾರಕರು ಬೆರೆಸಿದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ ಈ ಹಾನಿಯೊಂದಿಗೆ ಬಲವಾಗಿ ಸಂಬಂಧಪಟ್ಟಿರುವುದು ಕಂಡುಬಂದಿತು. ಚರ್ಮಕ್ಕೆ ಹಚ್ಚುವ ಕ್ರೀಮುಗಳಲ್ಲಿ ಅದೇ ವಸ್ತು ನಿರುಪದ್ರವಿ. ನಿಕೋಟಿನ್ ದ್ರವಕ್ಕೂ ಆ ಪ್ರಕರಣಗಳಿಗೂ ಭೇದವಿರುವುದು ನಿಜ. ಆದರೆ ಮನೆಯ ಕೋಣೆಯಲ್ಲಿ ಯಾರೋ ತಮ್ಮ ತರ್ಕದ ಪ್ರಕಾರ ಒಂದು ಪದಾರ್ಥವನ್ನು ಹೆಚ್ಚಿಗೆ ಸೇರಿಸುವ ಪ್ರವೃತ್ತಿ ಎರಡು ಕಡೆಯೂ ಒಂದೇ.

ಚರ್ಮದ ಮೂಲಕ, ಬಾಯಿಯ ಮೂಲಕ

ನಿಕೋಟಿನ್ ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಇದಕ್ಕೆ ವಿದೇಶದ ಉದಾಹರಣೆ ಬೇಕಾಗಿಲ್ಲ. ತಂಬಾಕು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ ಭಾಗದ ಓದುಗರು ಇದನ್ನು ಬಲ್ಲರು. ಮಳೆ ಅಥವಾ ಇಬ್ಬನಿಯಲ್ಲಿ ತೊಯ್ದ ಹಸಿ ತಂಬಾಕಿನ ಎಲೆಯನ್ನು ಬರಿಗೈಯಲ್ಲಿ ಮುರಿದು ಕಂಕುಳಲ್ಲಿ ಇಟ್ಟುಕೊಂಡು ಸಾಗಿಸುವವರಿಗೆ ತಲೆಸುತ್ತು, ವಾಂತಿ, ನಿತ್ರಾಣ ಬರುವುದನ್ನು ವೈದ್ಯರು ಹಸಿರು ತಂಬಾಕು ಕಾಯಿಲೆ ಎನ್ನುತ್ತಾರೆ. ಎಲೆಯ ಮೇಲಿನ ನೀರಿನಲ್ಲಿ ಕರಗಿದ ಅಲ್ಪ ನಿಕೋಟಿನ್ನೇ ಇಷ್ಟು ಮಾಡುವುದಾದರೆ, ಸಾಂದ್ರ ದ್ರವವು ಕೈಮೇಲೆ ಚೆಲ್ಲಿದಾಗ ಆಗುವುದನ್ನು ಊಹಿಸಬಹುದು.

ಮಕ್ಕಳ ವಿಷಯ ಪ್ರತ್ಯೇಕವಾಗಿ ಹೇಳಬೇಕಾದದ್ದು. ಸೀಸೆ ಚಿಕ್ಕದು, ಬಣ್ಣದ್ದು, ವಾಸನೆ ಮಾವಿನದೋ ಸ್ಟ್ರಾಬೆರಿಯದೋ ಆಗಿರುತ್ತದೆ, ಗ್ಲಿಸರಿನ್ ಸಿಹಿ. ಅಂಗಡಿಯ ಸೀಸೆಗೆ ಮಕ್ಕಳು ತೆರೆಯಲಾಗದ ಮುಚ್ಚಳವಾದರೂ ಇರುತ್ತದೆ. ಮನೆಯಲ್ಲಿ ಬೆರೆಸಿದ್ದು ಕಣ್ಣಿನ ಔಷಧಿಯ ಖಾಲಿ ಸೀಸೆಯಲ್ಲಿಯೋ ನೀರಿನ ಬಾಟಲಿಯಲ್ಲಿಯೋ ಹೆಸರಿಲ್ಲದೆ ಕುಳಿತಿರುತ್ತದೆ. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಫೋರ್ಟ್ ಪ್ಲೇನ್ ಎಂಬ ಊರಿನಲ್ಲಿ ಒಂದು ವರ್ಷದ ಮಗು ದ್ರವ ನಿಕೋಟಿನ್ ಸೇವಿಸಿ ಮೃತಪಟ್ಟಿತು. ಆ ಬಳಿಕ, 2016ರ ಜನವರಿಯಲ್ಲಿ, ಇಂತಹ ಸೀಸೆಗಳಿಗೆ ಮಕ್ಕಳಿಂದ ರಕ್ಷಣೆಯ ಮುಚ್ಚಳವನ್ನು ಕಡ್ಡಾಯಗೊಳಿಸುವ ಕಾಯಿದೆಗೆ ಅಮೆರಿಕದಲ್ಲಿ ಅಂಕಿತ ಬಿದ್ದಿತು.

ವಯಸ್ಕರಿಗೆ ಮಾರಕವಾಗುವ ನಿಕೋಟಿನ್ ಪ್ರಮಾಣ 30ರಿಂದ 60 ಮಿ.ಗ್ರಾಂ. ಎಂದು ಹಳೆಯ ಪುಸ್ತಕಗಳಲ್ಲಿ ನಮೂದಾಗಿದೆ. ಆಸ್ಟ್ರಿಯಾದ ಗ್ರಾಜ್ ನಗರದ ಔಷಧವಿಜ್ಞಾನಿ ಬರ್ನ್ಡ್ ಮೇಯರ್ ಅವರು 2014ರಲ್ಲಿ ಈ ಅಂಕಿಯ ಮೂಲವನ್ನು ಶೋಧಿಸಿ, ಅದು 19ನೇ ಶತಮಾನದ ಸಂದೇಹಾಸ್ಪದ ಪ್ರಯೋಗಗಳಿಂದ ಬಂದದ್ದೆಂದೂ, ನಿಜವಾದ ಪ್ರಮಾಣ ಅರ್ಧ ಗ್ರಾಂನಿಂದ ಒಂದು ಗ್ರಾಂನಷ್ಟು ಇರಬಹುದೆಂದೂ ವಾದಿಸಿದರು. ಈ ವಾದದಿಂದ ನೆಮ್ಮದಿ ಪಡುವಂತಿಲ್ಲ. ಮಿ.ಲೀ.ಗೆ 100 ಮಿ.ಗ್ರಾಂ. ಇರುವ ದ್ರವದ ಒಂದು ಟೀ ಚಮಚ, ಅಂದರೆ 5 ಮಿ.ಲೀ., ಅರ್ಧ ಗ್ರಾಂ ನಿಕೋಟಿನ್‌ಗೆ ಸಮ. ಅದು ವಯಸ್ಕರ ಲೆಕ್ಕ. ಹತ್ತು ಕಿಲೋ ತೂಕದ ಮಗುವಿನದಲ್ಲ.

ಭಾರತದಲ್ಲಿ ಕಾನೂನಿನ ಸ್ಥಿತಿ

ಕರ್ನಾಟಕ ರಾಜ್ಯವು 2016ರಲ್ಲಿಯೇ ಇ-ಸಿಗರೇಟುಗಳನ್ನು ನಿಷೇಧಿಸಿತ್ತು. ತರುವಾಯ ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್ 18ರಂದು ಅಧ್ಯಾದೇಶ ಹೊರಡಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಅಧಿನಿಯಮದ ಮೂಲಕ ಇಡೀ ದೇಶದಲ್ಲಿ ಇ-ಸಿಗರೇಟುಗಳ ಉತ್ಪಾದನೆ, ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು ಹಾಗೂ ಜಾಹೀರಾತನ್ನು ನಿಷೇಧಿಸಲಾಗಿದೆ. ನಿಕೋಟಿನ್ ಇರಲಿ, ಇಲ್ಲದಿರಲಿ, ಪದಾರ್ಥವನ್ನು ಬಿಸಿ ಮಾಡಿ ಉಸಿರಾಡಲು ಆವಿಯ ಹನಿಗಳನ್ನು ಉಂಟುಮಾಡುವ ವಿದ್ಯುನ್ಮಾನ ಸಾಧನಗಳೆಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ನಿಕೋಟಿನ್ ಹಾಕಿಲ್ಲ, ಸುವಾಸನೆ ಮಾತ್ರ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಸ್ವಂತ ಬಳಕೆಗೆ ಬೆರೆಸಿಕೊಂಡರೆ ಏನು ಎಂಬ ಪ್ರಶ್ನೆಗೆ ಸಂಬಂಧಿಸಿದಂತೆ ಮೂರು ಅಂಶಗಳನ್ನು ಗಮನಿಸತಕ್ಕದ್ದು. 4ನೇ ಕಲಮಿನ ನಿಷೇಧವು ಪೂರ್ಣ ವಸ್ತುವಿಗೆ ಮಾತ್ರವಲ್ಲದೆ ಅದರ ಯಾವುದೇ ಭಾಗಕ್ಕೂ ಅನ್ವಯಿಸುತ್ತದೆ. ತಯಾರಿಕೆ ಎಂಬ ಪದದ ಅರ್ಥದಲ್ಲಿ ಅದಕ್ಕೆ ಪೂರಕವಾದ ಉಪಪ್ರಕ್ರಿಯೆಗಳೂ ಸೇರಿವೆ. ಮನೆಬಳಕೆಗೆ, ಸಣ್ಣ ಪ್ರಮಾಣಕ್ಕೆ ಎಂದು ಯಾವ ವಿನಾಯಿತಿಯನ್ನೂ ನೀಡಿಲ್ಲ. ಸೇದುವ ಕ್ರಿಯೆಯನ್ನೇ ಹೆಸರಿಸಿ ದಂಡ ವಿಧಿಸುವ ಕಲಮು ಅಧಿನಿಯಮದಲ್ಲಿ ಇಲ್ಲ ಎಂಬುದು ನಿಜ. ಇದನ್ನು ಹಿಡಿದುಕೊಂಡು ವಾದಿಸುವವರಿದ್ದಾರೆ. ಆದರೆ ಬೆರೆಸುವವನು ಸೇದುವವನಷ್ಟೇ ಆಗಿ ಉಳಿಯುವುದಿಲ್ಲ, ತಯಾರಿಸುವವನೂ ಆಗುತ್ತಾನೆ. ಪ್ರತಿಯೊಂದು ಪ್ರಕರಣದಲ್ಲಿ ಅಂತಿಮ ತೀರ್ಮಾನ ನ್ಯಾಯಾಲಯದ್ದೇ.

4ನೇ ಕಲಮಿನ ಉಲ್ಲಂಘನೆಗೆ ಮೊದಲ ಸಲ ಒಂದು ವರ್ಷದವರೆಗಿನ ಸೆರೆವಾಸ ಅಥವಾ ರೂ. 1 ಲಕ್ಷದವರೆಗಿನ ಜುಲ್ಮಾನೆ ಅಥವಾ ಎರಡೂ. ಪುನರಾವರ್ತನೆಯಾದಲ್ಲಿ ಮೂರು ವರ್ಷದವರೆಗಿನ ಸೆರೆವಾಸ ಮತ್ತು ರೂ. 5 ಲಕ್ಷದವರೆಗಿನ ಜುಲ್ಮಾನೆ. ದಾಸ್ತಾನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ರೂ. 50,000ದವರೆಗಿನ ಜುಲ್ಮಾನೆ ಅಥವಾ ಎರಡೂ. 4ನೇ ಕಲಮಿನ ಅಪರಾಧವು ಸಂಜ್ಞೇಯ ಅಪರಾಧವಾಗಿದೆ. ಅಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು.

ಇಲ್ಲಿ ಪಾಸ್‌ಪೋರ್ಟ್ ಅರ್ಜಿದಾರರು ಒಂದು ಸಂಗತಿಯನ್ನು ಗಮನಿಸುವುದು. ಭಾರತದ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದ್ದಲ್ಲಿ 1967ರ ಪಾಸ್‌ಪೋರ್ಟ್ ಅಧಿನಿಯಮದ 6ನೇ ಕಲಮಿನ ಪ್ರಕಾರ ಅದು ಪಾಸ್‌ಪೋರ್ಟ್ ನಿರಾಕರಣೆಗೆ ಕಾರಣವಾಗಬಹುದು. ಅಂತಹವರು ಸಂಬಂಧಪಟ್ಟ ನ್ಯಾಯಾಲಯದ ಅನುಮತಿ ತರಬೇಕಾಗುತ್ತದೆ. ಜುಲ್ಮಾನೆ ಕಟ್ಟಿದರೆ ಮುಗಿಯಿತು ಎಂದುಕೊಳ್ಳುವ ವಿದ್ಯಾರ್ಥಿಗಳಿಗೆ ಮುಂದಿನ ಸೆಮಿಸ್ಟರಿನ ವೀಸಾ ಸಮಯದಲ್ಲಿ ಇದರ ತೂಕ ತಿಳಿಯುತ್ತದೆ. ಅರ್ಜಿಯ ನಮೂನೆಯಲ್ಲಿ ಬಾಕಿ ಪ್ರಕರಣವನ್ನು ಮುಚ್ಚಿಡುವುದು ಮತ್ತೊಂದು ತಪ್ಪಾಗುತ್ತದೆ.

ವಿದೇಶದಿಂದ ಬರುವವರಿಗೆ

ಅಲ್ಲಿ ಅಂಗಡಿಯಲ್ಲಿ ರಸೀದಿಸಹಿತ ಕೊಂಡ ವಸ್ತುವಾದರೂ ಇಲ್ಲಿಗೆ ತರುವಂತಿಲ್ಲ. ಆಮದು ನೀತಿಯಲ್ಲಿಯೂ ಇ-ಸಿಗರೇಟುಗಳನ್ನು 2019ರ ಸೆಪ್ಟೆಂಬರ್ 26ರ ಅಧಿಸೂಚನೆಯ ಮೂಲಕ ನಿಷೇಧಿಸಲಾಗಿದೆ. ಮರೆತು ತಂದಿದ್ದಲ್ಲಿ ಹಸಿರು ದ್ವಾರದಿಂದ ಹೊರಹೋಗದೆ, ಕೆಂಪು ದ್ವಾರದಲ್ಲಿ ಸುಂಕಾಧಿಕಾರಿಗಳ ಮುಂದೆ ಸತ್ಯವಾಗಿ ಘೋಷಿಸುವುದು. ಹಾಗೆ ಘೋಷಿಸಿದ ನಿಷಿದ್ಧ ವಸ್ತುವನ್ನು, ಪ್ರಯಾಣಿಕರ ಕೋರಿಕೆಯ ಮೇರೆಗೆ, ಅವರು ದೇಶ ಬಿಟ್ಟು ಹೋಗುವಾಗ ಹಿಂದಿರುಗಿಸುವ ಷರತ್ತಿನೊಂದಿಗೆ ತಡೆಹಿಡಿಯಲು 1962ರ ಸುಂಕ ಅಧಿನಿಯಮದ 80ನೇ ಕಲಮಿನಲ್ಲಿ ಅಧಿಕಾರಿಗೆ ಅವಕಾಶವಿದೆ. ಇದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಹಕ್ಕಲ್ಲ. ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು.

ಸಿಂಗಪುರದ ಮೂಲಕ ಪ್ರಯಾಣಿಸುವವರು ಇನ್ನಷ್ಟು ಎಚ್ಚರದಿಂದಿರಬೇಕು. ಅಲ್ಲಿ 2018ರ ಫೆಬ್ರವರಿ 1ರಿಂದ ಇಂತಹ ವಸ್ತುವನ್ನು ಕೊಳ್ಳುವುದು, ಬಳಸುವುದು ಮಾತ್ರವಲ್ಲ, ಬಳಿ ಇಟ್ಟುಕೊಳ್ಳುವುದೂ ಅಪರಾಧ.

ವಿಷಬಾಧೆ ಉಂಟಾದಲ್ಲಿ

ಮೊದಲ ಚಿಹ್ನೆಗಳು ಹೊಟ್ಟೆ ತೊಳಸುವಿಕೆ, ವಾಂತಿ, ಬಾಯಲ್ಲಿ ನೀರೂರುವುದು, ಬೆವರು, ತಲೆಸುತ್ತು, ಎದೆ ಡವಗುಟ್ಟುವುದು. ಪ್ರಮಾಣ ಹೆಚ್ಚಿದ್ದರೆ ಇವುಗಳ ಬೆನ್ನಿಗೇ ನಿತ್ರಾಣ, ಫಿಟ್ಸ್, ಉಸಿರಾಟ ಕುಂಠಿತವಾಗುವುದು ಕಾಣಿಸಿಕೊಳ್ಳುತ್ತದೆ. ಚಡಪಡಿಸುತ್ತಿದ್ದ ಮಗು ಸುಮ್ಮನಾಯಿತೆಂದರೆ ಗುಣವಾಯಿತೆಂದು ತಿಳಿಯಬಾರದು.

ಚರ್ಮದ ಮೇಲೆ ಚೆಲ್ಲಿದ್ದರೆ ತೊಯ್ದ ಬಟ್ಟೆಯನ್ನು ಕೂಡಲೇ ತೆಗೆದು ಸೋಪು ಹಾಗೂ ಧಾರಾಳವಾದ ನೀರಿನಿಂದ ತೊಳೆಯುವುದು. ತೊಳೆಯುವವರು ಕೈಗವಸು ಧರಿಸುವುದು. ಕಣ್ಣಿಗೆ ಬಿದ್ದಿದ್ದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷವಾದರೂ ತೊಳೆಯುತ್ತಿರುವುದು. ನುಂಗಿದ್ದರೆ ಬೆರಳು ಹಾಕಿ ಅಥವಾ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು; ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ತಡಮಾಡದೆ 108ಕ್ಕೆ ಕರೆ ಮಾಡುವುದು. ಸೀಸೆಯನ್ನು ಎಸೆಯದೆ ಆಸ್ಪತ್ರೆಗೆ ಜೊತೆಯಲ್ಲಿ ಒಯ್ಯುವುದು. ಮನೆಯಲ್ಲಿ ಬೆರೆಸಿದ್ದಾದರೆ ಏನೇನು, ಎಷ್ಟೆಷ್ಟು ಹಾಕಲಾಗಿತ್ತೆಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸುವುದು. ಕಾನೂನಿನ ಭಯದಿಂದ ಈ ಮಾತನ್ನು ಅರ್ಧ ಗಂಟೆ ತಡವಾಗಿ ಹೇಳಿದರೂ ಹಾನಿ ಮಗುವಿಗೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ದೂರವಾಣಿ ಸಂಖ್ಯೆ 1800 116 117.

ಬಿಡಲು ಇಚ್ಛಿಸುವವರಿಗೆ

ನಿಕೋಟಿನ್ ಚಟದಿಂದ ಬಿಡುಗಡೆ ಬಯಸುವವರು ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800 11 2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕೇಂದ್ರದ ಮೂಲಕ ಕನ್ನಡದಲ್ಲಿಯೂ ಸಮಾಲೋಚನೆ ದೊರೆಯುತ್ತದೆ. ಕರೆ ಮಾಡಿದವರು ಯಾವ ಅರ್ಜಿಯನ್ನೂ ಸಲ್ಲಿಸಬೇಕಾಗಿಲ್ಲ. ನಿಕೋಟಿನ್ ಗಮ್ ಮೊದಲಾದ, 1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದಡಿ ಪರವಾನಗಿ ಪಡೆದ ಉತ್ಪನ್ನಗಳು 2019ರ ನಿಷೇಧಕ್ಕೆ ಒಳಪಡುವುದಿಲ್ಲ. 2 ಮಿ.ಗ್ರಾಂ. ಎಂದು ಮುದ್ರಿಸಿದ ಗಮ್‌ನ ಪ್ರತಿಯೊಂದು ತುಂಡಿನಲ್ಲಿಯೂ ಅಷ್ಟೇ ನಿಕೋಟಿನ್ ಇರುವಂತೆ ನೋಡಿಕೊಳ್ಳುವ ಹೊಣೆ ಪರವಾನಗಿ ಪಡೆದ ತಯಾರಕರದು. ಅದನ್ನು ಬಳಸುವ ಕ್ರಮ ಹಾಗೂ ಅವಧಿಯನ್ನು ವೈದ್ಯರಿಂದ ತಿಳಿದುಕೊಳ್ಳುವುದು. ಹೃದ್ರೋಗವಿರುವವರು ಮತ್ತು ಗರ್ಭಿಣಿಯರು ಗಮ್ ಪ್ರಾರಂಭಿಸುವ ಮುನ್ನವೇ ವೈದ್ಯರನ್ನು ಕಾಣತಕ್ಕದ್ದು.